ಖುರ್ಷಿದ ಅಳಿಸಿದ ಫೋಟೋ

ಆಳಂದದಲ್ಲಿ ಗಾದಿ ಹೊಲಿಯುವ ಮುರ್ತುಜಾನ ಹೆಂಡತಿ ಖುರ್ಷಿದ ಫೋಟೋ ತೆಗೆಯುತ್ತಾಳೆ ಅಂದರೆ ಮೊದಲ ಸಲ ಕೇಳಿದವರು ನಕ್ಕುಬಿಡುತ್ತಿದ್ದರು. ಐವತ್ತು ದಾಟಿದ ಹೆಂಗಸು, ಬುರ್ಖಾದೊಳಗೆ ಕ್ಯಾಮೆರಾ ಚೀಲ, ಕೈಯಲ್ಲಿ ರೊಟ್ಟಿ ಡಬ್ಬಿ, ಇದೆಂಥ ಫೋಟೋದವಳಪ್ಪಾ! ಹಾಗೆ ನಕ್ಕವರೇ ಮನೆಯಲ್ಲಿ ಮದುವೆ ಎದ್ದಾಗ ಅವಳ ಬಾಗಿಲಿಗೆ ಬರುತ್ತಿದ್ದರು. ಹೆಂಗಸರ ಕೋಣೆಗೆ ಗಂಡಸು ಫೋಟೋದವನನ್ನು ಬಿಡುವಂತಿಲ್ಲ. ಹಲದಿ, ಮೆಹಂದಿ, ಬಳೆ ತೊಡಿಸುವುದು, ತಲೆಯ ಸೆರಗು ಜಾರಿಸಿ ಎಲ್ಲರೂ ಬಿದ್ದು ಬಿದ್ದು ನಗುವುದು, ಇದನ್ನೆಲ್ಲ ಹಿಡಿಯಲು ಹೆಣ್ಣೇ ಬೇಕು. ಮೂರು ತಾಲೂಕಿನ ಸಂಬಂಧಿಕರಲ್ಲಿ ಅಂಥ ಹೆಣ್ಣು ಖುರ್ಷಿದ ಒಬ್ಬಳೇ.

ಕ್ಯಾಮೆರಾ ಕೊಟ್ಟವನು ಸೊಲ್ಲಾಪುರದ ಅವಳ ಅಣ್ಣ. ಹನ್ನೆರಡು ವರ್ಷದ ಹಿಂದೆ ಅವನು ಸ್ಟುಡಿಯೋ ಮುಚ್ಚಿದಾಗ ಹಳೆಯ ಕ್ಯಾಮೆರಾವನ್ನೂ ಸಣ್ಣದೊಂದು ಪ್ರಿಂಟರನ್ನೂ ತಂಗಿಗೆ ಕೊಟ್ಟು, ಗುಂಡಿ ಒತ್ತುವುದನ್ನು ಕಲಿಸಿ ಹೋದ. ಖುರ್ಷಿದ ಯಾರ ದುಡ್ಡನ್ನೂ ಮುಟ್ಟುತ್ತಿರಲಿಲ್ಲ. ಆದರೆ ಅವಳದೊಂದು ಕಟ್ಟುನಿಟ್ಟು ಇತ್ತು. ಮದುವೆಯ ಫೋಟೋಗಳನ್ನು ಮನೆಯಲ್ಲೇ ಪ್ರಿಂಟ್ ಹಾಕಿ, ಹದಿನೈದು ದಿನಕ್ಕೆ ಲಕೋಟೆ ಹಿಡಿದು ತಾನೇ ಹೋಗುವಳು. ಹುಡುಗಿಯ ತಾಯಿಯನ್ನು ಎದುರಿಗೆ ಕೂಡಿಸಿಕೊಂಡು, ಬಿಸ್ಮಿಲ್ಲಾ ಹೇಳಿ, ಅವಳ ಕಣ್ಣೆದುರೇ ಕಾರ್ಡಿನಲ್ಲಿದ್ದುದನ್ನೆಲ್ಲ ಅಳಿಸುವಳು. "ನೋಡ್ರಿ, ಖಾಲಿ. ನಿಮ್ಮ ಮನೀದು ನಿಮ್ಮ ಮನ್ಯಾಗೇ ಉಳೀತು" ಎಂದು ಪರದೆ ತೋರಿಸುವಳು. ಆ ಒಂದು ಮಾತಿನ ಮೇಲೆ ಹೆಂಗಸರು ಅವಳ ಮುಂದೆ ಮುಖ ಬಿಚ್ಚಿ ನಗುತ್ತಿದ್ದರು.

ನಿಜ ಹೇಳಬೇಕೆಂದರೆ ಇದರಲ್ಲಿ ಅವಳ ಸ್ವಾರ್ಥವೂ ಇತ್ತು. ಒಂದು ಮದುವೆ ಅಂದರೆ ಎರಡು ಪ್ರಯಾಣ! ತೆಗೆಯಲು ಒಮ್ಮೆ, ಕೊಡಲು ಒಮ್ಮೆ. ಮದುವೆಯಾಗಿ ಬಂದ ಮೇಲೆ ಒಲೆ, ಬಾವಿ, ಹತ್ತಿ ಧೂಳು ಬಿಟ್ಟು ಬೇರೆ ಕಂಡವಳಲ್ಲ ಅವಳು. ಕ್ಯಾಮೆರಾ ಬಂದ ಮೇಲೆ ಬಸ್ಸಿನ ಕಿಟಕಿ ಸಿಕ್ಕಿತು. ಮಾದನಹಿಪ್ಪರಗಾದ ಹಾದಿಯ ಬೇವಿನ ಮರಗಳು, ಅಫಜಲಪುರದ ಕಡೆಯ ಕಬ್ಬಿನ ಗಾಡಿಗಳು, ಜೇವರ್ಗಿ ದಾರಿಯಲ್ಲಿ ಭೀಮಾ ಸೇತುವೆ ಬಂದಾಗ ಬಸ್ಸಿಗೆ ಬಸ್ಸೇ ಒಂದು ಗಳಿಗೆ ಮಾತು ನಿಲ್ಲಿಸಿ ಹೊಳೆ ನೋಡುವುದು. ಹೊಲ, ಹೊಳೆ, ಹಾದಿಯ ಫೋಟೋಗಳನ್ನಷ್ಟೇ ತನಗೆಂದು ಪ್ರಿಂಟ್ ಹಾಕಿ ಆಲ್ಬಮ್ಮಿಗೆ ಅಂಟಿಸಿಕೊಂಡಿದ್ದಳು. "ಅಮ್ಮಿ, ನಿನ್ನ ಆಲ್ಬಮ್ಮಿನ್ಯಾಗ ಒಂದು ನರಪಿಳ್ಳೀನೂ ಇಲ್ಲ" ಎಂದು ಮಗ ಆಫ್ತಾಬ ಚೇಷ್ಟೆ ಮಾಡುತ್ತಿದ್ದ.

ಬಿಳಿಜೋಳ ಬಿತ್ತಿ ಮುಗಿದ ಹೊತ್ತಿಗೆ ಅತನೂರದಲ್ಲಿ ನಸ್ರೀನಳ ಮದುವೆ ಬಂತು. ನಸ್ರೀನಳ ತಾಯಿ ನಜಮುನ್ನಿಸಾ ಖುರ್ಷಿದಳಿಗೆ ದೊಡ್ಡಮ್ಮನ ಮಗಳು. ಆ ಮನೆಯಲ್ಲಿ ನಸ್ರೀನಳ ಅಜ್ಜಿ ಚಾಂದಬೀ ಇದ್ದಳು. ಎಂಬತ್ತು ದಾಟಿದ ಮುದುಕಿ, ಬಾಯಿ ಮಾತ್ರ ಹದಿನಾರರದು. ಆಧಾರ ಕಾರ್ಡಿಗೆ ಬಿಟ್ಟರೆ ಜೀವಮಾನದಲ್ಲಿ ಫೋಟೋಕ್ಕೆ ಮುಖ ಕೊಟ್ಟವಳಲ್ಲ. ಹಲದಿ ದಿನ ಮೊಮ್ಮಗಳ ಕೆನ್ನೆಗೆ ಅರಿಶಿನ ಹಚ್ಚುತ್ತಾ ಮೈಮರೆತು ನಕ್ಕಾಗ ಖುರ್ಷಿದ ಗುಂಡಿ ಒತ್ತಿಬಿಟ್ಟಳು. ಮುದುಕಿಗೆ ಗೊತ್ತಾಯಿತು.

"ಏ ಖುರ್ಷಿದ, ಊರ ಮಂದೀದೆಲ್ಲಾ ತೆಗೀತಿ. ನಿಂದು ಯಾರು ತೆಗೀತಾರ ಬೇ? ತಾ ಇಲ್ಲಿ."

"ಅಮ್ಮಾ, ಬಿದ್ದೀತ್ರಿ! ಎರಡೂ ಕೈಲೆ ಹಿಡೀರಿ."

"ಒದಿಯೋ ಎಮ್ಮಿ ಹಿಂಡಿದ ಕೈ ಇದು. ನಿನ್ನ ಡಬ್ಬಿ ಹಿಡೀಲಾಕ ಬರಂಗಿಲ್ಲೇನು?"

ಖುರ್ಷಿದಳಿಗೆ ನಗು ತಡೆಯಲಾಗಲಿಲ್ಲ. ಅವಳು ನಗುತ್ತಿರುವಾಗಲೇ ಅರಿಶಿನದ ಬೆರಳು ಗುಂಡಿ ಒತ್ತಿತು. ಮನೆಗೆ ಬಂದು ನೋಡಿದರೆ ಫೋಟೋ ಸೊಟ್ಟ ಬಂದಿತ್ತು. ಆದರೆ ತನ್ನ ಹಲ್ಲೆಲ್ಲ ಕಾಣುವಂತೆ ತಾನು ಹಾಗೆ ನಗುತ್ತೇನೆಂದು ಖುರ್ಷಿದಳಿಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ಪ್ರಿಂಟ್ ಹಾಕಿಕೊಳ್ಳಬೇಕೆನ್ನಿಸಿತು, ನಾಚಿಕೆಯಾಗಿ ಬಿಟ್ಟಳು.

ಎಡವಟ್ಟು ಮಾಡಿದ್ದು ಸೊಸೆ ಮಹೆಕ. ಕೆಟ್ಟ ಹುಡುಗಿಯಲ್ಲ, ಕೈ ಸುಮ್ಮನಿರುವುದಿಲ್ಲ ಅಷ್ಟೆ. ಪ್ರಿಂಟುಗಳನ್ನು ಒಣಗಲೆಂದು ಮಂಚದ ಮೇಲೆ ಹರವಿದ್ದಾಗ ನಸ್ರೀನಳ ಬ್ಲೌಸಿನ ಕಸೂತಿ ಕಣ್ಣಿಗೆ ಬಿತ್ತು. ತನ್ನ ತಂಗಿಗೆ ತೋರಿಸೋಣವೆಂದು ಮೊಬೈಲಿನಲ್ಲಿ ಹೊಡೆದು ಸ್ಟೇಟಸ್ಸಿಗೆ ಹಾಕಿದಳು. ಅತ್ತೆಗೆ ಕಾಣದಂತೆ ಮಾಡಿ ಹಾಕಿದಳು, ಜಗತ್ತಿಗೆ ಕಾಣುವಂತೆ ಬಿಟ್ಟಳು.

ಮೂರನೆಯ ದಿನ ನಸ್ರೀನಳ ಅಣ್ಣ ತೌಸೀಫ ಬೈಕಿನ ಮೇಲೆ ಬಂದು ಬಾಗಿಲಲ್ಲೇ ನಿಂತ. ನೀರು ಕೊಟ್ಟರೆ ಮುಟ್ಟಲಿಲ್ಲ.

"ಖಾಲಾ, ನಿಮ್ಮನ್ನ ನಂಬಿ ಕರದಿದ್ವಿ. ನನ್ನ ತಂಗಿ ಮುಖಾ ಅಫಜಲಪುರದ ಪಾನ್ ಅಂಗಡ್ಯಾಗ ಒಬ್ಬಾವ ನನಗೇ ತೋರಿಸಿದ. ನಾ ಹ್ಯಾಂಗ ತಲಿ ಎತ್ತಲಿ?"

"ಬೇಟಾ, ಒಳಗ ಬಾ, ಕೂಡು. ತಪ್ಪಾಗ್ಯಾದ..."

"ಕೂಡಾಕ ಬಂದಿಲ್ಲ. ಎಲ್ಲಾ ಕೊಡ್ರಿ. ಕಾರ್ಡಿನ್ಯಾಗಿಂದು ನನ್ನ ಮುಂದೇ ಅಳಸ್ರಿ."

ಖುರ್ಷಿದ ಅಳಿಸಿದಳು. ಬಿಸ್ಮಿಲ್ಲಾ ಹೇಳುವುದು ಮರೆತುಹೋಯಿತು. ಮಹೆಕ ಅಳುತ್ತಾ ಮೊಬೈಲಿನದನ್ನೂ ಅಳಿಸಿದಳು. ತೌಸೀಫ ಪ್ರಿಂಟುಗಳನ್ನೆಲ್ಲ ಅಂಗಳಕ್ಕೆ ಒಯ್ದು, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಉರಿಯಲ್ಲಿ ಕೊನೆಗೆ ಮುದುರಿಕೊಂಡದ್ದು ಚಾಂದಬೀಯ ನಗು. ಅದನ್ನು ಖುರ್ಷಿದ ನೋಡಿದಳು, ತೌಸೀಫ ನೋಡಲಿಲ್ಲ.

ಅವನು ಹೋದ ಮೇಲೆ ಮುರ್ತುಜಾ ಕ್ಯಾಮೆರಾವನ್ನು ಟ್ರಂಕಿಗೆ ಹಾಕಿ ಬೀಗ ಜಡಿದ. ಬೀಗದ ಕೈ ಉಡುದಾರಕ್ಕೆ ಕಟ್ಟಿಕೊಂಡ.

"ಏನ್ರಿ, ತಪ್ಪು ಕ್ಯಾಮೆರಾದ್ದೇನ್ರಿ?"

"ಯಾರದೇ ಇರಲಿ. ಮದುವಿ ಮಂದಿಗೆ ಗಾದಿ ಹೊಲದು ತಿನ್ನೋರು ನಾವು. ಆ ಮಂದೀನೇ ನಮ್ಮ ಮನಿ ಕಡಿ ಬಟ್ಟು ತೋರಿಸಿದ್ರ ಹ್ಯಾಂಗ? ಸಾಕಿನ್ನ. ಮನ್ಯಾಗ ಕೂಡು."

ಖುರ್ಷಿದ ಮನೆಯಲ್ಲಿ ಕೂತಳು. ಕೂತವಳ ಬಾಯಿ ಸುಮ್ಮನಿರಬೇಕಲ್ಲ!

"ಉಪ್ಪು ಹಾಕಿಯೇನು ಬ್ಯಾಳಿಗೆ? ಇಲ್ಲಾ, ಅದನ್ನೂ ಸ್ಟೇಟಸ್ಸಿಗೆ ಹಾಕಿ ಕೇಳ್ತಿಯೇನು?"

"ಅಮ್ಮಿ, ಎಷ್ಟು ಸಲ ಮಾಫಿ ಕೇಳ್ಲಿ?"

"ನಿನ್ನ ಎರಡು ನಿಮಿಷ ನನ್ನ ಹನ್ನೆರಡು ವರ್ಷ ತಿಂತು, ಗೊತ್ತದನು?"

"ಗೊತ್ತದ. ರೊಟ್ಟಿ ಬಡೀವಾಗೂ ಅದೇ, ಅರಬಿ ಒಗೀವಾಗೂ ಅದೇ. ಒಂದು ಸಲ ಕಪಾಳಕ್ಕ ಹೊಡದು ಮುಗಸ್ರಿ!"

ನಡುವೆ ಸಿಕ್ಕ ಆಫ್ತಾಬ ಅನ್ನಕ್ಕೆ ಶೇಂಗಾ ಹಿಂಡಿ ಕಲಸಿಕೊಂಡು ಎರಡೇ ತುತ್ತಿಗೆ ಎದ್ದುಬಿಡುತ್ತಿದ್ದ. ತಾಯಿಯ ಕಡೆ ಮಾತಾಡಿದರೆ ಹೆಂಡತಿ ಮುನಿಯುತ್ತಾಳೆ, ಹೆಂಡತಿಯ ಕಡೆ ಮಾತಾಡಿದರೆ ತಾಯಿ ಉಪವಾಸ ಬೀಳುತ್ತಾಳೆ. ತೊಗರಿ ಹೂ ಬಿಟ್ಟಿತು, ಹೂ ಹೋಗಿ ಕಾಯಾಯಿತು. ಕೊಳಕೂರದಲ್ಲೊಂದು ಮದುವೆ, ಮಾದನಹಿಪ್ಪರಗಾದಲ್ಲೊಂದು ತೊಟ್ಟಿಲು. ಯಾರೂ ಕರೆಯಲಿಲ್ಲ. ಕಡಗಂಚಿ ಕಡೆಗೆ ಹೋಗುವ ಬಸ್ಸು ಮನೆಯ ಹಿಂದೆ ಹಾರ್ನ್ ಹೊಡೆದಾಗೆಲ್ಲ ಖುರ್ಷಿದಳ ಕೈ ಹಿಟ್ಟಿನಲ್ಲೇ ನಿಲ್ಲುತ್ತಿತ್ತು. ಈಗ ಸೇತುವೆ ಕೆಳಗೆ ನೀರು ಎಷ್ಟಿದೆಯೋ, ಕಬ್ಬು ಕಡಿಯಲು ಶುರುವಾಯಿತೋ ಇಲ್ಲವೋ. ಇಷ್ಟು ತಿಳಿದರೂ ಸಾಕಿತ್ತು ಅವಳಿಗೆ. ತಿಳಿಸುವವರು ಯಾರು?

ಒಂದು ಶುಕ್ರವಾರ ಅತನೂರದಿಂದ ಸುದ್ದಿ ಬಂತು. ಚಾಂದಬೀ ತೀರಿಕೊಂಡಿದ್ದಳು. ಮುರ್ತುಜಾ ಒಬ್ಬನೇ ಮಣ್ಣಿಗೆ ಹೋಗಿ ಬಂದ. ಖುರ್ಷಿದಳಿಗೆ ಮುಖ ತೋರಿಸುವ ಧೈರ್ಯವಾಗಲಿಲ್ಲ, ಒಲೆಯ ಮುಂದೆ ಕೂತು ಅತ್ತಳು.

ಇಪ್ಪತ್ತು ದಿನ ಕಳೆದ ಮೇಲೆ ನಜಮುನ್ನಿಸಾಳ ಫೋನು. ಮದುವೆಯ ನಂತರ ಅದೇ ಮೊದಲ ಮಾತು.

"ಖುರ್ಷಿದ, ಒಂದು ಮಾತು ಕೇಳ್ತೇನಿ, ಇಲ್ಲ ಅನಬ್ಯಾಡ. ನಮ್ಮ ಅತ್ತೀದು ಒಂದಾದ್ರೂ ಫೋಟೋ ನಿನ್ನ ಹತ್ತಿರ ಉಳದದನು?"

"ಆಪಾ... ತೌಸೀಫ ಎಲ್ಲಾ ಸುಟ್ಟು ಹೋದ್ನಲ್ಲ."

"ಅವನೇ ಕೇಳಂದಾನ. ಮಣ್ಣು ಕೊಟ್ಟು ಬಂದಾಗಿಂದ ಗೋಡಿಗೆ ತಲಿ ಹಚ್ಚಿ ಕೂತಾನ. ಆಧಾರ ಕಾರ್ಡಿನ್ಯಾಗ ಒಂದದ. ಅದನ್ನ ನೋಡಿ ನಸ್ರೀನ, 'ಇದು ದಾದಿಮಾ ಅಲ್ಲ, ಯಾರೋ ಕಳ್ಳಿ' ಅಂತ ಅಳ್ತಾಳ. ನಕ್ಕಿದ್ದು ಒಂದು ಬೇಕಂತ ಆಕಿಗೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಖುರ್ಷಿದ ಇಲ್ಲವೆಂದು ಫೋನಿಟ್ಟಳು. ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಮಹೆಕ ಎಲ್ಲ ಕೇಳಿಸಿಕೊಂಡಿದ್ದಳು.

"ಅಮ್ಮಿ, ಬೈಬ್ಯಾಡ್ರಿ. ಅಳಿಸಿದ ಫೋಟೋ ವಾಪಸ್ ಬರ್ತಾವ ಅಂತಾರ. ಮಗ್ಗಲ ಮನಿ ಶೈಲಶ್ರೀ ಕಂಪ್ಯೂಟರ್ ಕಲಿಸ್ತಾಳಲ್ಲ, ಆಕಿಗೆ ಕೇಳ್ಲೇನು?"

"ಸತ್ತದ್ದು ವಾಪಸ್ ಬರ್ತದನು, ಹುಚ್ಚಿ?"

ಹಾಗೆಂದಳೇ ಹೊರತು, ಊಟಕ್ಕೆ ಬಡಿಸುವಾಗ ತಾನೇ ಗಂಡನ ಮುಂದೆ ಮಾತು ತೆಗೆದಳು. ಮುರ್ತುಜಾ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟ. ಗೋರಿಯ ಮುಂದೆ ತೌಸೀಫ ಅತ್ತದ್ದನ್ನು ಅವನು ನೋಡಿ ಬಂದಿದ್ದ. ಎದ್ದು ಟ್ರಂಕು ತೆಗೆದು, ಕಾರ್ಡನ್ನಷ್ಟೇ ಬಿಚ್ಚಿ ಕೊಟ್ಟು, ಕ್ಯಾಮೆರಾದ ಮೇಲೆ ಮತ್ತೆ ಬೀಗ ಹಾಕಿದ.

ಶೈಲಶ್ರೀ, ಮಗ್ಗಲ ಮನೆಯ ಬೀರಲಿಂಗಪ್ಪನ ಮಗಳು, ಮರುದಿನ ಮಧ್ಯಾಹ್ನ ಲ್ಯಾಪ್‌ಟಾಪ್ ಹೊತ್ತು ಬಂದಳು. ಗಂಡಸರನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡರು.

"ಇದರ ಮ್ಯಾಲ ಹೊಸಾ ಫೋಟೋ ತೆಗದೀರೇನು ಚಾಚಿ?"

"ಎಲ್ಲಿ ತೆಗೀಲಿ? ಮೂರು ತಿಂಗಳಾತು ಟ್ರಂಕಿನ್ಯಾಗದ."

"ಹಂಗಾದ್ರ ಸಿಗ್ತಾವ್ರಿ. ಅಳಿಸೋದಂದ್ರ ಪೂರಾ ಹೋಗೋದಲ್ರಿ. ರಾಶಿ ಮಾಡಿದ ಮ್ಯಾಲೂ ಹೊಲದಾಗ ದಂಟಿನ ಕೂಳಿ ಉಳೀತದಲ್ಲ, ಹಂಗ. ಅದರ ಮ್ಯಾಲ ಹೊಸಾದು ಬಿತ್ತೂ ತನಕಾ ಒಳಗೇ ಇರ್ತದ."

ಪರದೆಯ ಮೇಲೆ ಒಂದೊಂದೇ ಮೂಡತೊಡಗಿದವು. ಅರಿಶಿನ ಹಚ್ಚುವ ಚಾಂದಬೀ ಬಂದಳು, ಮೈಮರೆತು ನಗುತ್ತಲೇ ಬಂದಳು. ಮಹೆಕ ಚಪ್ಪಾಳೆ ತಟ್ಟಿದಳು. ಅದರ ಹಿಂದೆ ಸೊಟ್ಟಗೆ, ಹಲ್ಲೆಲ್ಲ ತೋರಿಸುತ್ತ ಖುರ್ಷಿದ.

"ಅಯ್ಯ ಅಮ್ಮಿ, ನೀವೇನ್ರಿ ಇದು! ಎಷ್ಟು ಚಂದ ಬಂದೀರಿ!"

ಫೋಟೋಗಳು ನಿಲ್ಲುತ್ತಿರಲಿಲ್ಲ. ಅತನೂರದ ಫೋಟೋಗಳ ಕೆಳಗಿನಿಂದ, ಹೊಸದು ಬೀಳದೆ ಉಳಿದ ಜಾಗಗಳಿಂದ, ಮಾದನಹಿಪ್ಪರಗಾದ ಹುಡುಗಿ ಎದ್ದಳು, ನಾಲ್ಕು ವರ್ಷದ ಹಿಂದಿನವಳು, ತಲೆಯ ಮೇಲೆ ಸೆರಗಿಲ್ಲ. ಆಮೇಲೆ ಕೊಳಕೂರದವಳೊಬ್ಬಳು, ಕೂಸಿಗೆ ಹಾಲು ಕುಡಿಸುವವಳು. ಅರ್ಧ ಮುಖ, ಬರೀ ಕೈ, ಬರೀ ಕಣ್ಣು. ಒಬ್ಬೊಬ್ಬಳ ತಾಯಿಯ ಮುಂದೆಯೂ ಬಿಸ್ಮಿಲ್ಲಾ ಹೇಳಿ ಅಳಿಸಿದ ಮುಖಗಳು.

"ಬಂದ್ ಮಾಡ! ಶೈಲಶ್ರೀ, ಬಂದ್ ಮಾಡ ಮೊದ್ಲ!" ಖುರ್ಷಿದ ಕೂಗಿಕೊಂಡಳು. "ಯಾ ಅಲ್ಲಾ, ಇಷ್ಟು ವರ್ಷ ಇವರೆಲ್ಲಾ ನನ್ನ ಚೀಲದಾಗೇ ಇದ್ರೇನು? ಖಾಲಿ ಅಂತ ನಾ ಎಷ್ಟು ಮಂದಿಗೆ ಸುಳ್ಳು ಹೇಳಿದ್ನಿ?"

"ನಿಮಗ ಗೊತ್ತಿರಲಿಲ್ರಿ ಚಾಚಿ."

"ಗೊತ್ತಿರಲಿಲ್ಲ ಅಂದ್ರ ಸುಳ್ಳು ಖರೇ ಆಗ್ತದನು?"

ಚಾಂದಬೀಯದೊಂದು ಪ್ರಿಂಟ್ ತೆಗೆಸಿ, ಲ್ಯಾಪ್‌ಟಾಪಿನಲ್ಲಿ ಏನೂ ಉಳಿಯದಂತೆ ಮಾಡಿಸಿ, ಕಾರ್ಡನ್ನು ಕರವಸ್ತ್ರದ ತುದಿಗೆ ಕಟ್ಟಿಕೊಂಡಳು. ತನ್ನದನ್ನು ಪ್ರಿಂಟ್ ಹಾಕಲು ಮಹೆಕ ಎಷ್ಟು ಗೋಗರೆದರೂ ಬಿಡಲಿಲ್ಲ. "ಅವರದೆಲ್ಲಾ ಬಂದ್ ಮಾಡಿಸಿ ನಂದಷ್ಟೇ ತೆಗದು ಇಟಗೊಳ್ಳಲೇನು? ಬ್ಯಾಡ" ಅಂದಳು.

ಅದಾದ ಮೇಲೆ ಒಂದು ವಾರ ಮನೆಯಲ್ಲಿ ಇದೇ ವಾದ.

"ಒಂದು ಪ್ರಿಂಟ್ ಮಂಚದ ಕೆಳಗ ಬಿದ್ದಿತ್ತು, ಈಗ ಸಿಕ್ತು ಅಂತ ಹೇಳ್ರಿ" ಎಂದಳು ಮಹೆಕ. "ಅವರೂ ಖುಷಿ, ನಿಮ್ಮ ಹೆಸರೂ ಉಳೀತದ. ಮತ್ತ ಮದುವಿಗೆ ಕರೀತಾರ."

ಆಫ್ತಾಬನೂ ತಲೆಯಾಡಿಸಿದ. "ಖರೇ ಹೇಳಿದ್ರ ಮುಗೀತು ಅಮ್ಮಿ. ಇನ್ನ ಜಲ್ಮಕ್ಕ ಯಾರೂ ನಿನ್ನ ಮುಂದ ಮುಖಾ ತಗಿಯಂಗಿಲ್ಲ."

ಮುರ್ತುಜಾ ದಬ್ಬಣಕ್ಕೆ ದಾರ ಪೋಣಿಸುತ್ತ, "ಪೋಸ್ಟಿನ್ಯಾಗ ಕಳಿಸಿ ಸುಮ್ನಿರ್ರಿ" ಎಂದ.

ಸೊಸೆಯ ಮಾತು ಖುರ್ಷಿದಳನ್ನು ಸೆಳೆಯಲಿಲ್ಲವೆಂದರೆ ಸುಳ್ಳಾದೀತು. ಒಂದು ಸಣ್ಣ ಸುಳ್ಳು, ಆಮೇಲೆ ಮತ್ತೆ ಬಸ್ಸು, ಮತ್ತೆ ಕಿಟಕಿ, ಮತ್ತೆ ಆ ನಗುವ ಕೋಣೆಗಳು. ಎರಡು ದಿನ ಆ ಸುಳ್ಳನ್ನು ಮನಸ್ಸಿನಲ್ಲೇ ಅಭ್ಯಾಸ ಕೂಡ ಮಾಡಿದಳು. ಆದರೆ ಆ ಕೂಸಿಗೆ ಹಾಲು ಕುಡಿಸುವವಳು ಕಣ್ಣ ಮುಂದಿನಿಂದ ಕದಲಲೊಲ್ಲಳು.

ಚಾಂದಬೀಯ ನಲವತ್ತನೆಯ ದಿನ ಖುರ್ಷಿದ ಮಹೆಕಳನ್ನು ಕರೆದುಕೊಂಡು ಅತನೂರಕ್ಕೆ ಹೊರಟಳು. ಹೊಲದ ತುಂಬ ಕುಸುಬಿ ಹಳದಿಯಾಗಿ ನಿಂತಿತ್ತು. ಕಿಟಕಿಯ ಬದಿಗೆ ಸೊಸೆಯನ್ನು ಕೂಡಿಸಿ ತಾನು ಈಚೆ ಕೂತಳು. ನೋಡಿದರೆ ಮತ್ತೆ ಆಸೆ ಹುಟ್ಟುತ್ತದೆ, ಬೇಡ ಅನ್ನಿಸಿತು.

ಒಳಕೋಣೆಯಲ್ಲಿ ಹದಿನೈದಿಪ್ಪತ್ತು ಹೆಂಗಸರಿದ್ದರು. ಫೋಟೋ ನೋಡಿ ನಸ್ರೀನ ಅದನ್ನು ಎದೆಗವಚಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ನಜಮುನ್ನಿಸಾ ಖುರ್ಷಿದಳ ಎರಡೂ ಕೈ ಹಿಡಿದುಕೊಂಡಳು.

"ಎಲ್ಲಿತ್ತ ಬೇ ಇದು? ಎಲ್ಲಾ ಸುಟ್ಟಿತ್ತಲ್ಲ?"

ಮಂಚದ ಕೆಳಗೆ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಖುರ್ಷಿದ ಕರವಸ್ತ್ರದ ಗಂಟು ಬಿಚ್ಚಿ, ಉಗುರಿನಷ್ಟಗಲದ ಕಾರ್ಡನ್ನು ಚಾಪೆಯ ಮೇಲಿಟ್ಟಳು.

"ಇದರಾಗಿತ್ತು ಆಪಾ. ಅಳಿಸಿದ್ರೂ ಹೋಗಂಗಿಲ್ಲಂತ. ನನಗ ಗೊತ್ತಿರಲಿಲ್ಲ, ಖುದಾನ ಆಣಿ. ಖಾಲಿ ಅಂತ ನಿಮಗೆಲ್ಲಾ ತೋರಿಸಿದ್ನಿ. ಖಾಲಿ ಇರಲಿಲ್ಲ. ಮಾಫ್ ಮಾಡ್ರಿ."

ಹೆಂಗಸರು ಸೆರಗು ಮುಂದಕ್ಕೆ ಎಳೆದುಕೊಂಡರು. ಮೂಲೆಯಲ್ಲಿ ಕೂತಿದ್ದ ಕೊಳಕೂರದ ಹೆಂಗಸು, ನಜಮುನ್ನಿಸಾಳ ನಾದಿನಿ, ಮೆಲ್ಲಗೆ ಕೇಳಿದಳು. "ನಂದೂ ಅದರಾಗದನು?"

"ಹೌದ್ರಿ, ಅದ. ಕಡೀ ಕೂಸಿಗಿ ಹಾಲು ಕುಡಸಾಕತ್ತೀರಿ."

"ತೌಬಾ ತೌಬಾ!"

ಮಹೆಕ ಅತ್ತೆಯ ಬೆನ್ನ ಹಿಂದೆ ಸರಿದು, "ನಡೀರಿ ಅಮ್ಮಿ" ಎಂದು ಬುರ್ಖಾ ಎಳೆದಳು. ಖುರ್ಷಿದ ಏಳುತ್ತಿದ್ದಂತೆ ನಜಮುನ್ನಿಸಾ, "ಎಲ್ಲಿ ಹೋಗ್ತಿ, ಕೂಡು" ಎಂದು ಗದರಿ, ಅಡುಗೆಮನೆಯಿಂದ ಮಸಾಲೆ ಕುಟ್ಟುವ ಕಬ್ಬಿಣದ ಖಲಬತ್ತ ಹೊತ್ತು ತಂದಳು. ಕಾರ್ಡನ್ನು ಎತ್ತಿ ಅದರೊಳಗೆ ಹಾಕಿದಳು. ಕುಟ್ಟುವ ಬತ್ತ ಎತ್ತುವ ಮೊದಲು ಒಮ್ಮೆ ತಡೆದಳು.

"ಇದರಾಗ ನಿಂದೇನರ ಅದನು ಖುರ್ಷಿದ?"

ಮಹೆಕ ಬಾಯಿ ತೆರೆದಳು. ಖುರ್ಷಿದ ಅವಳ ಮಂಡಿಯನ್ನು ಒತ್ತಿ ಹಿಡಿದಳು.

"ಇಲ್ಲ ಆಪಾ. ಕುಟ್ರಿ."

ನಜಮುನ್ನಿಸಾ ಒಣಶುಂಠಿ ಕುಟ್ಟುವ ಹಾಗೆ ಕುಟ್ಟಿದಳು. ಆಮೇಲೆ ಕೊಳಕೂರದವಳು ಬತ್ತ ಇಸಿದುಕೊಂಡು ನಾಲ್ಕು ಏಟು ತನ್ನದೂ ಹಾಕಿದಳು, ತನ್ನ ಫೋಟೋದ ಸಿಟ್ಟಿಗೆ. ಕರಿ ಪುಡಿ ಮಾತ್ರ ಉಳಿದಾಗ ಅವಳು ಹಣೆಯ ಬೆವರು ಒರೆಸಿಕೊಂಡು ಖುರ್ಷಿದಳತ್ತ ನೋಡಿದಳು.

"ರಂಜಾನ್ ಈದ್ ಆದ ಮ್ಯಾಲ ನನ್ನ ಮಗಳ ಮದುವಿ ಅದ. ಹೊಸಾ ಕಾರ್ಡ್ ತಗೊಂಡು ಬಾ. ಫೋಟೋ ಕೊಡಾಕ ಬರ್ತಿಯಲ್ಲ, ಅವತ್ತ ನಾ ಖಲಬತ್ತ ತೊಳದು ಇಟ್ಟಿರ್ತೇನಿ."

ಹೆಂಗಸರೆಲ್ಲ ನಕ್ಕರು. ನಲವತ್ತನೆಯ ದಿನವೆಂಬುದನ್ನೂ ಮರೆತು ನಕ್ಕರು. ಖುರ್ಷಿದ ನಗಲು ಹೋದಳು, ಅಳು ಬಂತು. ಹೊರಗೆ ಅಂಗಳದಲ್ಲಿ ತೌಸೀಫ ತಲೆ ತಗ್ಗಿಸಿ ನಿಂತಿದ್ದ. ಇಬ್ಬರನ್ನೂ ಬಸ್ಸಿಗೆ ಹತ್ತಿಸಿ, "ಖಾಲಾ, ಆ ದಿನಾ ನಾ ನೀರಾದ್ರೂ ಕುಡೀಬೇಕಿತ್ತು" ಎಂದಷ್ಟೇ ಹೇಳಿದ.

ಮರುದಿನ ಬೆಳಿಗ್ಗೆ ಖುರ್ಷಿದ ರೊಟ್ಟಿ ಬಡಿಯುತ್ತಿದ್ದಾಗ ಮುರ್ತುಜಾ ಬಂದು ಪಕ್ಕದ ಮಣೆಯ ಮೇಲೆ ಕೂತ. ಉಡುದಾರದಿಂದ ಬೀಗದ ಕೈ ಬಿಚ್ಚಿ ಹಿಟ್ಟಿನ ಪರಾತದ ಅಂಚಿಗೆ ಇಟ್ಟ. ಹೇಳುವುದು ಇನ್ನೂ ಏನೋ ಇತ್ತು ಅವನಿಗೆ, ಒಲೆಯ ಕಟ್ಟಿಗೆ ಸುಮ್ಮನೆ ಹಿಂದೆ ಮುಂದೆ ಮಾಡಿದ.

"ಅದರಾಗ ನಿಂದೂ ಒಂದಿತ್ತಂತ. ಮಹೆಕ ಹೇಳಿದ್ಲು."

"ಇತ್ತು."

"ಹ್ಯಾಂಗ ಬಂದಿತ್ತು?"

ಖುರ್ಷಿದ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ತನ್ನ ಮುಖದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಇದು.

"ಸೊಟ್ಟ ಬಂದಿತ್ರಿ" ಎಂದಳು. "ಆದ್ರ ನಗಾಕತ್ತಿದ್ನಿ."

"ನಾ ನೋಡ್ಬೇಕಿತ್ತು" ಎಂದ ಮುರ್ತುಜಾ. ಖುರ್ಷಿದ ರೊಟ್ಟಿ ತಿರುವಿ ಹಾಕಿದಳು.